ಎಂಟು ಚಿಪ್ಪಿನ ಪೂಜೆ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಬಳ್ಳಾರಿಯ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಪ್ರಾಣಿಶಾಸ್ತ್ರ ಕಲಿಸಿದೆ. ಹುಡುಗರು ಬೆನ್ನ ಹಿಂದೆ ನನಗೆ ‘ಮೇ ತಿಂಗಳು’ ಅನ್ನುತ್ತಿದ್ದರು. ಅನ್ನಲಿ ಬಿಡಿ, ತಪ್ಪೇನಿಲ್ಲ. ಕಪ್ಪೆ ಕೊಯ್ಯುವಾಗ ಕೈ ನಡುಗಿಸಿದವನ ಮೇಲೆ ಸಿಟ್ಟು, ರೆಕಾರ್ಡ್ ಬುಕ್ಕಿಗೆ ಎಣ್ಣೆ ಕಲೆ ಮಾಡಿ ತಂದವನ ಮೇಲೆ ಸಿಟ್ಟು, ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯಾದರೆ ನನ್ನ ಹೆಂಡತಿ ಚನ್ನವೀರಮ್ಮನ ಮೇಲೆ ಸಿಟ್ಟು. ಇಷ್ಟೆಲ್ಲ ಸಿಟ್ಟಾದವನು ಒಂದೇ ಒಂದು ಸಲ, ನಿಜವಾಗಿ ಬಾಯಿಬಿಡಬೇಕಾದ ಹೊತ್ತಿನಲ್ಲಿ, ಬಾಯಿ ಮುಚ್ಚಿಕೊಂಡು ನಿಂತೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಪ್ಪತ್ತೊಂದನೇ ಇಸವಿಯಲ್ಲಿ ನನ್ನ ಹೆಸರಿಗೆ ಕೊಚ್ಚಿಯಿಂದ ಒಂದು ಪಾರ್ಸಲ್ ಬಂತು. ಕಳಿಸಿದವನು ಚಿದಾನಂದಪ್ಪ, ನನ್ನ ಕ್ಲಾಸ್‌ಮೇಟ್. ಮೀನು ಸಮೀಕ್ಷೆಯ ಹಡಗಿನ ಮೇಲೆ ಕೆಲಸಕ್ಕಿದ್ದ. ಅರಬ್ಬೀ ಸಮುದ್ರದಲ್ಲಿ ಸುಮಾರು ಒಂದು ಸಾವಿರ ಮೀಟರ್ ಆಳಕ್ಕೆ ಬಿಟ್ಟ ಬಲೆಯಲ್ಲಿ ಮೀನಿನ ಜೊತೆ ಕೊಳೆತ ಮರದ ಬೊಡ್ಡೆಯೊಂದು ಬಂದಿತ್ತಂತೆ. ಯಾವ ನಾಡಿನ ಮರವೋ, ಯಾವ ಹೊಳೆ ಕೊಚ್ಚಿಕೊಂಡು ಹೋದದ್ದೋ. ಅದರ ತೊಗಟೆಯ ಕೆಳಗೆ ಒಂದೇ ಒಂದು ಪ್ರಾಣಿ ಅಂಟಿಕೊಂಡಿತ್ತು. ಅದನ್ನು ಔಷಧಿ ಬಾಟಲಿಯಲ್ಲಿ ಸ್ಪಿರಿಟ್ ತುಂಬಿ ಹಾಕಿ, ಅರಳೆ ಸುತ್ತಿ ಕಳಿಸಿದ್ದ. ‘ಇಲ್ಲಿ ಯಾರಿಗೂ ಇದರ ಮೇಲೆ ಕಣ್ಣಿಲ್ಲ, ನಿನಗಾದರೂ ಇರಲಿ’ ಅಂತ ಚೀಟಿ.

ಕೈಟಾನ್ ಅಂತ ಅದಕ್ಕೆ ಹೆಸರು. ಬಸವನಹುಳುವಿನ ದೂರದ ನೆಂಟ. ಬೆನ್ನ ಮೇಲೆ ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಎಂಟು ಚಿಪ್ಪು, ಸುತ್ತ ಚರ್ಮದ ಅಂಚು, ಕೆಳಗೆ ಕಲ್ಲಿಗೋ ಮರಕ್ಕೋ ಕಚ್ಚಿಕೊಳ್ಳುವ ಪಾದ. ದಡದಲ್ಲಿ ಸಿಗುವವು ಬೇಕಾದಷ್ಟಿವೆ. ಆಳದ್ದು ಅಪರೂಪ. ನನಗೆ ಬಂದದ್ದು ಹೆಬ್ಬೆರಳಿನ ಉಗುರಿನಷ್ಟು, ಹಾಲಿನ ಕೆನೆಯ ಬಣ್ಣ. ಇದ್ದ ಪುಸ್ತಕಗಳನ್ನೆಲ್ಲ ತಿರುವಿದೆ, ಮದ್ರಾಸಿಗೆ ಹೋಗಿ ಒಂದು ವಾರ ಲೈಬ್ರರಿಯಲ್ಲಿ ಕೂತೆ, ಯಾವುದಕ್ಕೂ ಹೊಂದಲಿಲ್ಲ. ಯುರೋಪಿನ ಒಂದು ಮ್ಯೂಸಿಯಮ್ಮಿನಲ್ಲಿ ಜೀವಮಾನವೆಲ್ಲ ಇವನ್ನೇ ನೋಡಿದ ಮುದುಕರೊಬ್ಬರಿದ್ದರು. ಅವರಿಗೆ ಒರಟು ಚಿತ್ರ ಬರೆದು ಕಳಿಸಿದೆ. ಮೂರು ತಿಂಗಳಿಗೆ ಉತ್ತರ ಬಂತು: ಹೊಸ ಜಾತಿಯೇ ಇರಬೇಕು. ಆದರೆ ಹಲ್ಲು ನೋಡಿ ಹೇಳಲಾಗದು, ಅದರ ದಾಯಾದಿಗಳಿಗೂ ಹಲ್ಲು ಹಾಗೇ. ಗುರುತು ಇರುವುದು ಮೊದಲನೆಯ ಮತ್ತು ಎಂಟನೆಯ ಚಿಪ್ಪಿನ ಮೇಲಿನ ಸಣ್ಣ ಉಬ್ಬು ಚುಕ್ಕಿಗಳ ಸಾಲಿನಲ್ಲಿ. ಅವುಗಳ ಚಿತ್ರ ಬರೆಯಿರಿ, ಆಮೇಲೆ ಚಿಪ್ಪುಗಳನ್ನೇ ಇಲ್ಲಿಗೆ ಕಳಿಸಿ.

ಚಿಪ್ಪು ಯಾಕೆ ಬೇಕು ಅಂದರೆ, ಹೆಸರಿಡುವ ಕೆಲಸದ ಕಾನೂನೇ ಹಾಗೆ. ಯಾವ ಪ್ರಾಣಿಯನ್ನು ನೋಡಿ ಹೆಸರಿಟ್ಟೆಯೋ ಅದೇ ಸಾಕ್ಷಿ. ಅದನ್ನು ಒಂದು ಕಡೆ ಭದ್ರವಾಗಿ ಇಡಬೇಕು. ನೂರು ವರ್ಷ ಬಿಟ್ಟು ಯಾರೋ ಬಂದು ‘ತೋರಿಸು’ ಅಂದರೆ ತೋರಿಸಬೇಕು. ನನ್ನ ಹತ್ತಿರ ಇದ್ದದ್ದು ಒಂದೇ ಪ್ರಾಣಿ. ಅದು ಉಳಿದರೆ ಬಳ್ಳಾರಿಯ ಮೇಷ್ಟರೊಬ್ಬ ಜಗತ್ತಿಗೆ ಒಂದು ಜೀವವನ್ನು ಹೆಸರು ಹಿಡಿದು ಪರಿಚಯ ಮಾಡಿಸಿದಂತಾಗುತ್ತಿತ್ತು. ಇಲ್ಲದಿದ್ದರೆ ಏನೂ ಇಲ್ಲ.

ನಮ್ಮ ಲ್ಯಾಬಿನ ಅಟೆಂಡರ್ ಸುಂಕಣ್ಣ. ಸಿರುಗುಪ್ಪದ ಕಡೆ, ಹೊಳೆದಂಡೆಯ ಕೆಂಚನಗುಡ್ಡದವನು. ನನಗಿಂತ ಎಂಟು ವರ್ಷ ದೊಡ್ಡವನು, ಆದರೂ ನಾನು ಅವನನ್ನು ‘ನೀನು’ ಅನ್ನುತ್ತಿದ್ದೆ, ಅವನು ನನ್ನನ್ನು ‘ನೀವು’ ಅನ್ನುತ್ತಿದ್ದ. ಆ ಕಾಲವೇ ಹಾಗಿತ್ತು ಅಂತ ಹೇಳಿ ಜಾರಿಕೊಳ್ಳಬಹುದು. ಕಾಲೇಜಿನ ಆಫೀಸಿನಲ್ಲಿ ಆಯುಧಪೂಜೆ ಆದರೆ ಸುಂಕಣ್ಣ ಹೊಸ್ತಿಲ ಆಚೆ ನಿಂತು ಮಂಡಕ್ಕಿ ಈಸಿಕೊಳ್ಳಬೇಕು. ಆದರೆ ನಮ್ಮ ಲ್ಯಾಬಿಗೆ, ಸತ್ತ ಹಾವು ಹಲ್ಲಿಗಳ ನಾತಕ್ಕೆ, ಪೂಜೆ ಮಾಡಲು ಬೇರೆ ಯಾರೂ ಬರುತ್ತಿರಲಿಲ್ಲ. ಅಲ್ಲಿ ಸುಂಕಣ್ಣನೇ ಪೂಜಾರಿ. ಹಿತ್ತಾಳೆಯ ಸೂಕ್ಷ್ಮದರ್ಶಕ, ತಕ್ಕಡಿ, ಸ್ಪಿರಿಟ್ ದೀಪ, ಎಲ್ಲವನ್ನೂ ಹುಣಸೆಹಣ್ಣು ಹಚ್ಚಿ ಬೆಳಗಿ, ಕುಂಕುಮ ಇಟ್ಟು, ಚೆಂಡುಹೂವು ಏರಿಸುತ್ತಿದ್ದ. ವರ್ಷಕ್ಕೆ ಅದೊಂದು ದಿನ ಅವನು ಹೊಸ ಪಂಚೆ ಉಟ್ಟು ಬರುತ್ತಿದ್ದ.

ಕೈಟಾನ್ ಕೆಲಸದಲ್ಲಿ ಅವನು ನನಗೆ ಎರಡನೇ ಜೊತೆ ಕಣ್ಣಾಗಿದ್ದ. ಚಿಪ್ಪುಗಳನ್ನು ಬಿಡಿಸಬೇಕಾದರೆ ಇಡೀ ಪ್ರಾಣಿಯನ್ನು ಕಾಸ್ಟಿಕ್ ನೀರಿನಲ್ಲಿ ಹದವಾಗಿ ಕುದಿಸಬೇಕು. ಒಂದು ಕುದಿ ಹೆಚ್ಚಾದರೂ ಕೆಟ್ಟಿತು. ಅವನು ದೀಪ ಹಿಡಿದ, ನಾನು ಉಸಿರು ಹಿಡಿದೆ. ಎಂಟೂ ಬಿಡಿಬಿಡಿಯಾಗಿ ಬಂದಾಗ ಅವನು ‘ಹೆರಿಗಿ ಆತ್ರಿ ಸರಾ’ ಅಂದ. ಎಂಟಕ್ಕೂ ಒಂದೊಂದು ಸಣ್ಣ ಗಾಜಿನ ನಳಿಕೆ, ಒಂದರಿಂದ ಎಂಟರವರೆಗೆ ಚೀಟಿ. ಈ ಪ್ರಾಣಿಯ ನಾಲಗೆಯ ಮೇಲೆ ಕೆರೆಯುವ ಹಲ್ಲುಗಳಿರುತ್ತವೆ, ಅವುಗಳ ತುದಿಯಲ್ಲಿ ಕಬ್ಬಿಣ ಇರುತ್ತದೆ. ಆಯಸ್ಕಾಂತ ಹಿಡಿದು ತೋರಿಸಿದೆ. ಹಲ್ಲಿನ ಪಟ್ಟಿ ಅಲುಗಿತು.

“ಯಪ್ಪಾ! ಇದು ನಮ್ಮ ಸಂಡೂರು ಕಡೀದಾ ಇರಬೇಕ್ರಿ. ಹಲ್ಲಾಗ ಅದಿರು ಐತಿ.”

ಚಿತ್ರ ಬರೆಯುವುದು ನಿಧಾನದ ಕೆಲಸ. ಕರೆಂಟು ಇದ್ದರೆ ಬಿಡುವಿಲ್ಲ, ಬಿಡುವಿದ್ದರೆ ಕರೆಂಟಿಲ್ಲ. ನಡುವಿನ ಆರು ಚಿಪ್ಪುಗಳನ್ನು ಮೊದಲು ಬರೆದೆ. ಮೊದಲನೆಯದನ್ನೂ ಎಂಟನೆಯದನ್ನೂ ಕೊನೆಗೆ ಇಟ್ಟುಕೊಂಡೆ, ಎಲೆಯ ತುದಿಯ ಹೋಳಿಗೆಯನ್ನು ಕೊನೆಗೆ ತಿನ್ನುವವನ ಹಾಗೆ. ಮೂರ್ಖತನ! ಗುರುತು ಅಲ್ಲೇ ಇದೆ ಅಂತ ಆ ಮುದುಕರು ಬರೆದಿದ್ದರು. ಕೈ ಪಳಗಲಿ, ಆಮೇಲೆ ಬರೆಯೋಣ ಅಂತ ನಾನು ಜಾಣನಾದೆ. ಸುಂಕಣ್ಣ ಕೂಡ ಚುಚ್ಚುತ್ತಿದ್ದ: “ಹುಟ್ಟಿ ವರ್ಷ ಆತ್ರಿ ಕೂಸು. ಇನ್ನಾ ಹೆಸರಿಲ್ಲ, ತೊಟ್ಟಿಲಿಲ್ಲ. ನೋಡ್ದೋರು ಏನಂತಾರ?”

ಪ್ರಿನ್ಸಿಪಾಲ್ ಮರಿಬಸಪ್ಪನವರು ಒಂದು ದಿನ ಲ್ಯಾಬಿಗೆ ಬಂದರು. ಹೊಸ ದೀಪ ಬೇಕೆಂದು ನಾನು ಕೊಟ್ಟಿದ್ದ ಅರ್ಜಿ ಅವರ ಕೈಯಲ್ಲಿತ್ತು.

“ಏನ್ರಿ ಕೊಟ್ಟೂರಪ್ಪ, ಬಳ್ಳಾರ್‍ಯಾಗ ಕುಡಿಯಾಕ ನೀರಿಲ್ಲ, ನಿಮಗ ಸಮುದ್ರದ ಚಿಂತಿ. ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು” ಅಂದು ನಕ್ಕು ಹೋದರು.

ನನ್ನ ಸಿಟ್ಟು ತಲೆಗೇರಿತು. ಅವರಿಗೆ ಎದುರಾಡಲಿಲ್ಲ, ಅವರು ಹೋದ ಮೇಲೆ ಸುಂಕಣ್ಣನ ಮುಂದೆ ಕೂಗಾಡಿದೆ. “ಕೇಳಿಲ್ಲಿ ಸುಂಕಣ್ಣ, ಈ ಕಾಲೇಜಿನಾಗ ಇದಕ್ಕಿಂತ ದೊಡ್ಡ ವಸ್ತು ಯಾವುದೂ ಇಲ್ಲ. ಪ್ರಿನ್ಸಿಪಾಲರ ಕುರ್ಚಿನೂ ಅಲ್ಲ. ಇದನ್ನ ದೇವರನ್ನ ನೋಡಿಕೊಂಡಂಗ ನೋಡ್ಕೋಬೇಕು, ತಿಳೀತಾ?”

“ತಿಳೀತ್ರಿ ಸರಾ” ಅಂದ ಸುಂಕಣ್ಣ. ಗಂಭೀರವಾಗಿಯೇ ಅಂದ.

ಎಪ್ಪತ್ತೆರಡರ ದಸರಾಕ್ಕೆ ಕುರುಗೋಡಿನಿಂದ ನಮ್ಮವ್ವ ಗುರುಬಸಮ್ಮ ಹೇಳಿಕಳಿಸಿದಳು: ಈ ಸಲ ಬನ್ನಿ ಕೊಡಾಕ ಬರಲಿಲ್ಲಂದ್ರ ನನ್ನ ಮಾರಿ ನೋಡಬ್ಯಾಡ. ಮೊದಲನೆಯ, ಎಂಟನೆಯ ಚಿಪ್ಪಿನ ಚಿತ್ರ ಇನ್ನೂ ಬಾಕಿ; ಎಂಟನೆಯದು ಸೂಕ್ಷ್ಮದರ್ಶಕದ ಕೆಳಗೇ ಇತ್ತು, ಅವತ್ತು ಸಂಜೆ ಗೆರೆ ಎಳೆಯಲು ಶುರು ಮಾಡಬೇಕೆಂದಿದ್ದೆ. ಎರಡು ದಿನದಲ್ಲಿ ಏನಾಗುತ್ತದೆ ಅಂದುಕೊಂಡು ನಳಿಕೆಗೆ ಹಾಕಿ, ಡ್ರಾಯರಿಗೆ ಬೀಗ ಹಾಕಿ, ಎಂದಿನಂತೆ ಬೀಗದ ಕೈಯನ್ನು ಸುಂಕಣ್ಣನ ಕೈಗೆ ಕೊಟ್ಟು, ಚನ್ನವೀರಮ್ಮನನ್ನು ಕರೆದುಕೊಂಡು ಕುರುಗೋಡಿನ ಬಸ್ ಹತ್ತಿದೆ. ಅವ್ವನ ಕೈಯ ಹೋಳಿಗೆ ತಿಂದೆ. ಗುಡ್ಡದ ಬಂಡೆಗಳ ನೆರಳಿನಲ್ಲಿ ಮಧ್ಯಾಹ್ನ ನಿದ್ದೆ ಹೊಡೆದೆ. ನಾನು ನಿದ್ದೆ ಹೊಡೆಯುವ ಹೊತ್ತಿಗೆ ಬಳ್ಳಾರಿಯಲ್ಲಿ ಪೂಜೆ ನಡೆದಿತ್ತು.

ಹಬ್ಬದ ಮರುದಿನ ಲ್ಯಾಬಿನ ಬಾಗಿಲಲ್ಲೇ ಸುಂಕಣ್ಣ ನಿಂತಿದ್ದ. ಮುಖ ಅರಳಿತ್ತು. ಎರಡೂ ಕೈಯಲ್ಲಿ ಬನ್ನಿ ಸೊಪ್ಪು ಚಾಚಿದ.

“ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ ಸರಾ. ಬರ್ರಿ, ಒಳಗ ಬರ್ರಿ, ನೋಡ್ರಿ.”

ಮೇಜಿನ ಮೇಲೆ ಬಾಳೆ ಎಲೆ. ಎಲ್ಲಕ್ಕೂ ಮುಂದೆ, ಸೂಕ್ಷ್ಮದರ್ಶಕಕ್ಕಿಂತ ಮುಂದೆ, ಎಂಟು ಚಿಪ್ಪು ಸಾಲಾಗಿ, ಒಂದೂ ಆಚೀಚೆಯಾಗದೆ. ಒಂದೊಂದರ ಮೇಲೂ ಕಡ್ಡಿಯ ತುದಿಯಿಂದ ಇಟ್ಟ ಕುಂಕುಮ. ಅವು ಎಂದೂ ಇಲ್ಲದಷ್ಟು ಬೆಳ್ಳಗಿದ್ದವು.

“ಭಾಳ ಮಂಕಾಗಿದ್ವು ಪಾಪ. ಎಲ್ಲಾದಕ್ಕಿಂತ ಮೊದಲು ಇವನ್ನಾ ತೊಳದೀನ್ರಿ. ಹುಣಸಿಹಣ್ಣಿನ ನೀರಾಗ ಒಂದು ತಾಸು ನೆನಿಯಾಕ ಇಟ್ಟು, ಬೆರಳಿಲೆ ಮೆತ್ತಗ ಉಜ್ಜೀನಿ. ನೋಡ್ರಿ ಹೆಂಗ ಹೊಳ್ಯಾಕತ್ತಾವು! ನಂಬರ್ ತಪ್ಪಿಸಿಲ್ರಿ, ಒಂದೊಂದಾ ತೊಳದು ಒಂದೊಂದಾ ಇಟ್ಟೀನಿ.”

ಚಿಪ್ಪು ಅಂದರೆ ಸುಣ್ಣ. ಸುಣ್ಣಕ್ಕೆ ಹುಳಿ ಬಿದ್ದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕೆ? ಎಂಟನೆಯದನ್ನು ಎತ್ತಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಚುಕ್ಕಿ ಇಲ್ಲ. ಸಾಲು ಇಲ್ಲ. ಬೋಳು. ಮೊದಲನೆಯದನ್ನು ಇಟ್ಟೆ. ಅದೂ ಬೋಳು. ಒಂದು ಸಾವಿರ ಮೀಟರ್ ಕತ್ತಲೆಯಲ್ಲಿ ಆ ಜೀವ ಕಟ್ಟಿಕೊಂಡ ಗುರುತನ್ನು ಒಂದು ತಾಸಿನ ಹುಣಸೆ ನೀರು ತಿಂದುಹಾಕಿತ್ತು. ಕಣ್ಣು ಮಸೂರದಿಂದ ಎತ್ತಲಾರದೆ ಕೂತೆ.

ಹಿಂದೆ ಸುಂಕಣ್ಣ ಕಾಯುತ್ತಿದ್ದ. ಪೂಜೆಗೆ ಉಟ್ಟು ಇನ್ನೂ ಬಿಚ್ಚದ ಹೊಸ ಪಂಚೆಯ ಗಂಜಿ ವಾಸನೆ ನನಗೆ ಬರುತ್ತಿತ್ತು.

“ಹೆಂಗದಾವ್ರಿ ಸರಾ?”

ಆಗ ಬೈಯಬೇಕಿತ್ತು. ಚಪ್ಪಲಿ ತೂರಬೇಕಿತ್ತು. ಕೊನೆಗೆ ಅತ್ತಾದರೂ ಬಿಡಬೇಕಿತ್ತು. ದೇವರಂತೆ ನೋಡಿಕೋ ಅಂದವನು ನಾನೇ, ಅವನು ನೋಡಿಕೊಂಡಿದ್ದ. ಇಡೀ ಕಾಲೇಜಿನಲ್ಲಿ ಅವನನ್ನು ಒಳಗೆ ಬಿಟ್ಟುಕೊಂಡ ಒಂದೇ ಪೂಜೆ ಇದು.

“ಚಲೋ ಮಾಡಿದಿ” ಅಂದೆ.

ಯುರೋಪಿನ ಮುದುಕರಿಗೆ ‘ನನ್ನ ಅಲಕ್ಷ್ಯದಿಂದ ಮಾದರಿ ಕೆಟ್ಟಿತು’ ಅಂತ ಎರಡು ಸಾಲು ಬರೆದೆ. ಚಿದಾನಂದಪ್ಪನಿಗೆ ಇನ್ನೊಂದು ಸಿಗಬಹುದೇ ಅಂತ ಕೇಳಿದೆ. ‘ಆ ಬೊಡ್ಡೆಯನ್ನು ಅವತ್ತೇ ಸಮುದ್ರಕ್ಕೆ ಎಸೆದರು, ಹಡಗು ಈಗ ಬಂಗಾಳ ಕೊಲ್ಲಿಯಲ್ಲಿದೆ’ ಅಂತ ಬರೆದ. ಸುಂಕಣ್ಣನಿಗೆ ಮಾತ್ರ ಬೇರೆ ಹೇಳಿದೆ: ಚಿತ್ರ ಎಲ್ಲಾ ಮುಗಿಸಿ ಕಳಿಸಿ ಆತು, ಚಿಪ್ಪಿನ ಕೆಲಸ ಇನ್ನಿಲ್ಲ, ಹೆಸರು ಅಚ್ಚಾಗಿ ಬರೋದೊಂದಾ ಬಾಕಿ.

ಒಂದು ಸುಳ್ಳು ಹೇಳಿ ಕೈತೊಳೆದುಕೊಳ್ಳಬಹುದು ಅಂದುಕೊಂಡಿದ್ದೆ. ಮರುವರ್ಷ ಆಯುಧಪೂಜೆಯ ಬೆಳಿಗ್ಗೆ ಸುಂಕಣ್ಣ ನನ್ನ ಮುಂದೆ ಬಂದು ನಿಂತ. “ಚಿಪ್ಪು ಕೊಡ್ರಿ ಸರಾ, ತೊಳಿತೀನಿ.” ಬೇಡ ಅಂದರೆ ಯಾಕೆ ಅನ್ನುತ್ತಾನೆ. ಯಾಕೆ ಅಂದರೆ ಹೋದ ವರ್ಷದ್ದೂ ಹೇಳಬೇಕಾಗುತ್ತದೆ. ಗುರುತು ಹೋದ ಮೇಲೆ ಇವು ಇದ್ದರೂ ಅಷ್ಟೇ, ಹೋದರೂ ಅಷ್ಟೇ ಅಂದುಕೊಂಡು ಡ್ರಾಯರ್ ತೆಗೆದು ನನ್ನ ಕೈಯಾರೆ ಕೊಟ್ಟೆ. ಅವನು ಹುಣಸೆಹಣ್ಣು ಕಿವುಚುವುದನ್ನು ನೋಡುತ್ತ ಕೂತೆ. ಅದರ ಮರುವರ್ಷವೂ ಕೊಟ್ಟೆ.

ಮೂರನೆಯ ವರ್ಷ ಅವನೇ ಕೇಳಿದ: “ಸಣ್ಣ ಆಗ್ಯಾವಲ್ಲ್ರಿ?”

“ಒಣಗ್ಯಾವಪಾ. ಬಳ್ಳಾರಿ ಬಿಸಿಲು.”

“ಹೌದು ಬಿಡ್ರಿ, ಮನುಷ್ಯಾರಾ ಒಣಗ್ತಾರ” ಅಂದು ತೊಳೆದ.

ಐದನೆಯ ವರ್ಷ ನಾಲ್ಕನೆಯ ಚಿಪ್ಪು ಅವನ ಬೆರಳ ನಡುವೆಯೇ ಪುಡಿಯಾಯಿತು. ಗಾಬರಿಯಾಗಿ ಓಡಿಬಂದು ಅಂಗೈ ತೋರಿಸಿದ. ‘ಹಳೇದು, ಇರಲಿ ಬಿಡು’ ಅಂದೆ. ಏಳನೆಯ ಪೂಜೆಗೆ ಉಳಿದದ್ದು ಎಂಟನೆಯದೊಂದೇ, ಮೀನಿನ ಹುರುಪೆಯಂತೆ ತೆಳ್ಳಗೆ. ನೀರಿಗೆ ಹಾಕಿದ, ತೆಗೆಯಲು ಹೋದರೆ ಇರಲಿಲ್ಲ. ಅವನು ಬಹಳ ಹೊತ್ತು ಆ ಬಟ್ಟಲಿನಲ್ಲಿ ಕೈಯಾಡಿಸಿದ. ಮುಂದಿನ ವರ್ಷಗಳಲ್ಲಿ ಖಾಲಿ ನಳಿಕೆಗಳಿಗೇ ಕುಂಕುಮ ಇಟ್ಟ. “ಹೆಸರು ಬಂತೇನ್ರಿ?” ಅಂತ ಮಾತ್ರ ಪ್ರತಿ ವರ್ಷ ಕೇಳುತ್ತಿದ್ದ. “ಬರತೈತಿ” ಅನ್ನುತ್ತಿದ್ದೆ. ಎಂಬತ್ತೊಂದರಲ್ಲಿ ನಿವೃತ್ತನಾಗಿ ಊರಿಗೆ ಹೋದ. ಹೋಗುವ ದಿನವೂ ಅದನ್ನೇ ಕೇಳಿದ.

ಎಂಬತ್ತಮೂರರಲ್ಲಿ ಹೆಸರು ಬಂತು. ಬೇರೆ ಯಾರೋ ಇಟ್ಟದ್ದು. ಅರಬ್ಬೀ ಸಮುದ್ರದ ಆಳದಲ್ಲಿ, ಮುಳುಗಿದ ಮರದ ಮೇಲೆ, ಮತ್ತೊಂದು ದೇಶದ ಹಡಗಿಗೆ ಹನ್ನೊಂದು ಪ್ರಾಣಿ ಸಿಕ್ಕಿದ್ದವು. ಆ ಮುದುಕರ ಶಿಷ್ಯೆಯೊಬ್ಬಳು ವಿವರಿಸಿ ಬರೆದಿದ್ದಳು, ಅದು ಅಚ್ಚಾದ ಪುಸ್ತಕದ ಒಂದು ಪ್ರತಿ ನನಗೂ ಕಳಿಸಿದ್ದಳು. ಕೊನೆಯಲ್ಲಿ ಒಂದು ಸಾಲು: ಬಳ್ಳಾರಿಯ ಕೊಟ್ಟೂರಪ್ಪ ಪತ್ರದಲ್ಲಿ ತಿಳಿಸಿದ್ದ ಪ್ರಾಣಿ ಇದೇ ಇರಬಹುದು, ಮಾದರಿ ಉಳಿದಿಲ್ಲವಾದ್ದರಿಂದ ಹೇಳಲಾಗದು.

ಅಷ್ಟಕ್ಕೇ ಮುಗಿದಿದ್ದರೆ ತಡೆದುಕೊಳ್ಳುತ್ತಿದ್ದೆ. ನಡುವಿನ ಪುಟದಲ್ಲಿ ಇನ್ನೊಂದು ಮಾತಿತ್ತು. ಈ ಜಾತಿಯನ್ನು ಚುಕ್ಕಿಯಿಂದಷ್ಟೇ ಅಲ್ಲ, ಎಂಟನೆಯ ಚಿಪ್ಪಿನ ಒಳಮೈಯಲ್ಲಿ ಗೆರೆಯಂತೆ ಎದ್ದಿರುವ ಒಂದು ದಪ್ಪ ಏಣಿನಿಂದಲೂ ಗುರುತಿಸಬಹುದು. ಬೇರೆ ಯಾವ ದಾಯಾದಿಗೂ ಅದು ಇಲ್ಲ. ಒಳಮೈಯನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಮೊದಲ ಪೂಜೆಯ ಮೇಲೆ ಮೇಲ್ಮೈ ಬೋಳಾಗಿತ್ತು, ನಿಜ. ಏಣು ಇದ್ದಿದ್ದರೆ ಒಂದು ತಾಸಿನ ಹುಳಿಗೆ ಕರಗುತ್ತಿರಲಿಲ್ಲ. ಎರಡನೆಯ ವರ್ಷವೂ ಇರುತ್ತಿತ್ತು, ಮೂರನೆಯ ವರ್ಷವೂ. ನಾನು ಒಂದೊಂದು ದಸರೆಗೆ ಅದನ್ನು ಎತ್ತಿ ಎತ್ತಿ ಕೊಟ್ಟಿದ್ದೆ.

ಸುಂಕಣ್ಣನಿಗಾದರೂ ಸಮಾಧಾನ ಹೇಳೋಣ ಅನ್ನಿಸಿತು. ಹೆಸರು ಬಂತು, ಇದು ನಮ್ಮದೇ ಅಂದುಬಿಟ್ಟರೆ ಮುದುಕ ಹಾಯಾಗಿರುತ್ತಾನೆ. ಒಂದು ಭಾನುವಾರ ಸಿರುಗುಪ್ಪದ ಬಸ್ ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಕೆಂಚನಗುಡ್ಡಕ್ಕೆ ಹೋದೆ. ಗದ್ದೆಗಳ ಆಚೆ ಹೊಳೆ ತುಂಬಿತ್ತು. ಸುಂಕಣ್ಣ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ನನ್ನನ್ನು ನೋಡಿ ಎದ್ದ, ಹೆಂಡತಿ ಯಂಕಮ್ಮನನ್ನು ಕೂಗಿ ಚಾಪೆ ಹಾಸಿಸಿದ, ಚಹಾ ತರಿಸಿದ.

“ಹೆಸರು ಬಂತಪಾ ಸುಂಕಣ್ಣ” ಅಂದು ಪುಸ್ತಕ ಬಿಡಿಸಿ ಕೊಟ್ಟೆ.

ಅವನು ಕನ್ನಡಕ ಏರಿಸಿಕೊಂಡ. ಇಡೀ ಪುಟದ ಫೋಟೋ: ಎಂಟನೆಯ ಚಿಪ್ಪು, ನೂರು ಪಟ್ಟು ದೊಡ್ಡದಾಗಿ. ಒಂದೊಂದು ಚುಕ್ಕಿಯೂ ಜೋಳದ ಕಾಳಿನಂತೆ ಎದ್ದು ಕಾಣುತ್ತಿತ್ತು. ಅವನು ಅದರ ಮೇಲೆ ಬೆರಳಾಡಿಸಿದ. ಅವನ ಮುಖದ ಮೇಲಿದ್ದ ನಗು ಮೆಲ್ಲಗೆ ಹೋಯಿತು.

“ಸರಾ, ನಮ್ಮದಕ್ಕೂ ಹಿಂಗಾ ತರಿತರಿ ಇತ್ರಿ. ಮೊದಲನೇ ಸಲ ಉಜ್ಜುವಾಗ ಬೆರಳಿಗೆ ಹತ್ತಿತ್ತು. ಹೊಲಸು ಕುಂತೈತಿ ಅಂತ ತಿಳ್ಕೊಂಡೆ. ನುಣ್ಣಗ ಆಗೋ ತನಕ ಉಜ್ಜಿದೆ.”

ಅವನು ಮತ್ತೆ ಒಂದು ಚುಕ್ಕಿಯ ಮೇಲೆ ಬೆರಳಿಟ್ಟ.

“ಇದಾ ಏನ್ರಿ ಗುರುತು?”

“ಹೂಂ.”

“ಹಂಗಾದ್ರ ಕೆಡಿಸಿದಾಂವ ನಾನಾ.”

ಯಂಕಮ್ಮ ಬಾಗಿಲಲ್ಲಿ ನಿಂತಿದ್ದವಳು ಗಂಡನ ಮುಖ ನೋಡಿ ಒಳಗೆ ಹೋದಳು.

“ಅವತ್ತಾ ನಿಮಗ ಗೊತ್ತಾಗಿತ್ತೇನ್ರಿ? ಚಲೋ ಮಾಡಿದಿ ಅಂದ್ರಲ್ಲ, ಆವಾಗಾ?”

“ಗೊತ್ತಾಗಿತ್ತು.”

“ಮತ್ತ ಆರು ವರ್ಷ ನೀವಾ ತೆಗೆದು ತೆಗೆದು ಕೊಟ್ರಿ. ನಾ ತೊಳದೆ.”

“ನೀನು ನೊಂದುಕೊಂತಿ ಅಂತ, ಸುಂಕಣ್ಣ. ಅಷ್ಟ ಪ್ರೀತಿಲೆ ಮಾಡಿದ್ದಿ. ಹೆಂಗ ಹೇಳಲಿ?”

ಅವನು ಪುಸ್ತಕ ಮಡಚಿದ. ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದ. ನಾನು ಹುಡುಗರ ಮೇಲೆ ಎಗರಾಡಿದ್ದನ್ನು ಇಪ್ಪತ್ತು ವರ್ಷ ಕಂಡವನು ಅವನು. ಅವನಿಗೆ ಮಾತ್ರ ನಾನು ಯಾವತ್ತೂ ಬೈದಿರಲಿಲ್ಲ; ಅದನ್ನೇ ದೊಡ್ಡತನ ಅಂತ ತಿಳಿದಿದ್ದೆ.

“ಹುಡುಗ್ರು ಒಂದು ಸ್ಲೈಡ್ ಒಡದ್ರ ಲ್ಯಾಬ್ ಹಾರಿಹೋಗೋ ಹಂಗ ಬೈತಿದ್ರಿ. ಅವರಿಗೆ ತಿಳಿತೈತಿ ಅಂತ ಬೈತಿದ್ರಿ” ಅಂದ. ದನಿ ಏರಲಿಲ್ಲ. “ನನಗೂ ತಿಳಿತಿತ್ರಿ ಸರಾ. ನೋಯಾಕ ಬಿಡಬೇಕಾಗಿತ್ತು ನನ್ನ. ನಾಕು ದಿನ ಅತ್ತು ಸುಮ್ಮನಾಗ್ತಿದ್ದೆ. ಉಳಿದದ್ದಾದ್ರೂ ಉಳೀತಿತ್ತು.”

ಒಳಮೈಯ ಏಣಿನ ವಿಷಯ ನಾನು ಅವನಿಗೆ ಹೇಳಿರಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ.

“ಈಗ ಅದು ನಮ್ಮದು ಹೌದೋ ಅಲ್ಲೋ ಅಂತ ಯಾರನ್ನ ಕೇಳಿದ್ರ ತಿಳಿತೈತ್ರಿ?”

“ಯಾರಿಗೂ ತಿಳಿಯಾಂಗಿಲ್ಲ” ಅಂದೆ. ನಮ್ಮದೇ ಅಂತ ಹೇಳಲು ಅಷ್ಟು ದೂರ ಹೋಗಿದ್ದವನು, ಹೆಸರಿನ ವಿಷಯದಲ್ಲಿ ಅವನಿಗೆ ಮೊದಲ ಸಲ ನಿಜ ಹೇಳಿದೆ.

ಅವನು ತಲೆಯಾಡಿಸಿ, ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ವಾಪಸು ಕೊಟ್ಟ. ಆಮೇಲೆ ಹಗ್ಗ ಕೈಗೆತ್ತಿಕೊಂಡು ಹೊಸೆಯತೊಡಗಿದ. ಕೊನೆಯ ಬಸ್ಸಿಗೆ ಇನ್ನೂ ಎರಡು ತಾಸು ಇತ್ತು. ಎರಡು ತಾಸೂ ನಾನು ಅವನ ಪಕ್ಕದಲ್ಲೇ ಕೂತಿದ್ದೆ, ಹಗ್ಗ ಉದ್ದವಾಗುತ್ತ ಹೋಯಿತು.